ಗದ್ದ ಎದೆಗೆ ಮುಟ್ಟದವರ ಅರ್ಜಿ

ಚಳಿಗಾಲ ಬಂತೆಂದರೆ ರಾತ್ರಿ ಎಂಟರ ಮೇಲೆ ನನ್ನ ಅಂಗಡಿ ಮುಂದೆ ಮೆಕ್ಕೆಜೋಳದ ದಂಟಿಗೆ ಬೆಂಕಿ ಬೀಳುತ್ತದೆ. ಕಾನಹೊಸಹಳ್ಳಿಯ ಹೆದ್ದಾರಿ ಪಕ್ಕದ ಝೆರಾಕ್ಸ್ ಅಂಗಡಿ ನನ್ನದು. ಈ ಕಡೆಯವರ ಬಾಯಲ್ಲಿ ಊರು ಬರೀ ಹೊಸಹಳ್ಳಿ. ಝೆರಾಕ್ಸ್, ಡಿ.ಟಿ.ಪಿ., ಪಹಣಿ ತೆಗೆಯೋದು, ಹುಡುಗರ ಆನ್‌ಲೈನ್ ಅರ್ಜಿ, ಎಲ್ಲ ಇಲ್ಲೇ. ಬೆಂಕಿ ಕಾಯಿಸುತ್ತ ಕೂತ ಹುಡುಗರಲ್ಲಿ ಒಬ್ಬನಾದರೂ "ಅಣ್ಣಾ, ಮೇಷ್ಟ್ರ ಅರ್ಜಿ ಕಥೆ ಹೇಳು" ಅನ್ನುತ್ತಾನೆ. ಅದು ನಡೆದಾಗ ಅವರೆಲ್ಲ ಪ್ರೈಮರಿ ಶಾಲೆಯಲ್ಲಿದ್ದವರು. ಕೆಲವರು ಆ ಅರ್ಜಿಯೊಳಗೇ ಇದ್ದಾರೆ, ಹೆಸರಿಲ್ಲದೆ.

ಹೊಸಹಳ್ಳಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು ನಮ್ಮದು. ಕೂಡ್ಲಿಗಿ ಸೀಮೆ ಮಳೆ ನಂಬಿದ ಸೀಮೆ. ಶೇಂಗಾ, ಜೋಳ, ಸಜ್ಜೆ, ಈಚೀಚೆಗೆ ಮೆಕ್ಕೆಜೋಳ, ನಡುನಡುವೆ ಹುಣಸೆ ಮರ. ತುಂಗಭದ್ರಾ ಅಣೆಕಟ್ಟು ಹೊಸಪೇಟೆಯಲ್ಲಿದೆ, ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ನೋಡಿ ಬರಬಹುದು. ಆದರೆ ಅದರ ಕಾಲುವೆಗಳು ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಕಡೆ ಇಳಿದು ಹೋದವೇ ಹೊರತು ನಮ್ಮ ದಿನ್ನೆ ಹತ್ತಲಿಲ್ಲ. ಹಿಂದೆ ಜನ ಕುಡಿಯುತ್ತಿದ್ದದ್ದು ಕೆರೆ ನೀರು, ಸೇದೋ ಬಾವಿ ನೀರು. ನಾರುಹುಣ್ಣು ಬರುತ್ತದೆ, ವಾಂತಿಭೇದಿ ಬರುತ್ತದೆ ಎಂದು ಬೋರು ಕೊರೆಸಿದರು. ಎಂಬತ್ತರ ದಶಕದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಹಳ್ಳಿಹಳ್ಳಿಗೆ ಕೈಪಂಪು ಬಂತು, ಅವರಿಗೆ 'ನೀರ್ ಸಾಬ್' ಎಂಬ ಹೆಸರೂ ಬಂತು. ಆ ಪಂಪು ಎಷ್ಟು ಜೀವ ಉಳಿಸಿತೋ! ಅದನ್ನು ಮರೆತು ಮಾತಾಡಬಾರದು. ಆಮೇಲೆ ಮಳೆ ಕೈಕೊಟ್ಟ ಹಾಗೆಲ್ಲ ಬೋರು ಆಳಕ್ಕಿಳಿಯಿತು. ಕಲ್ಲಿನ ಸಂದಿನಲ್ಲಿ ವರ್ಷಗಟ್ಟಲೆ ನಿಂತ ನೀರು ಮೇಲೆ ಬಂತು. ಅದರ ಜೊತೆ ಕಲ್ಲಿನೊಳಗಿನ ಫ್ಲೋರೈಡೂ ಬಂತು.

ನೋಡಕ್ಕೆ ಗಾಜಿನಂಥ ನೀರು. ವಾಸನೆಯಿಲ್ಲ, ಕೆಸರಿಲ್ಲ. ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಗಟ್ಟಿಯಾಗುತ್ತದೆ. ಸರ್ಕಾರದ ಮಾನದಂಡ ಒಂದು ಲೀಟರಿಗೆ 1 ಮಿಲಿಗ್ರಾಂ, ಬೇರೆ ಗತಿಯೇ ಇಲ್ಲದ ಕಡೆ 1.5ರ ತನಕ ಪರವಾಗಿಲ್ಲ ಎನ್ನುತ್ತದೆ. ಅದು ದಾಟಿದರೆ ಮೊದಲು ಮಕ್ಕಳ ಹಲ್ಲು, ಆಮೇಲೆ ದೊಡ್ಡವರ ಕೀಲು. ನಮ್ಮ ದೇಶದಲ್ಲಿ ಇದನ್ನು ರೋಗ ಅಂತ ಮೊದಲು ಬರೆದಿಟ್ಟದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ. ಆಗ ನಮ್ಮ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆಯೂ ಅದೇ ಮದ್ರಾಸ್ ಪ್ರಾಂತದೊಳಗಿತ್ತು. ಅಲ್ಲಿ ರೈತರ ಕಣ್ಣಿಗೆ ಮೊದಲು ಬಿದ್ದದ್ದು ಎತ್ತುಗಳಂತೆ, ಎದ್ದು ನಡೆಯಲಾರದ ಎತ್ತುಗಳು. ಮನುಷ್ಯರ ಮೊಣಕಾಲು ಹಿಡಿದರೆ ವಯಸ್ಸಾಯಿತು ಅನ್ನುತ್ತೇವೆ, ವಾಯು ಅನ್ನುತ್ತೇವೆ. ಎತ್ತು ಕೂತುಬಿಟ್ಟರೆ ಹೊಲ ನಿಲ್ಲುತ್ತದಲ್ಲ, ಅದಕ್ಕೆ ಗೊತ್ತಾಗಿರಬೇಕು.

ಇನ್ನು ಅರ್ಜಿ. 2015ರ ಬರದ ವರ್ಷ. ಶೇಂಗಾ ಗಿಡದಲ್ಲಿ ಕಾಯಿಗಿಂತ ಬೇರು ಹೆಚ್ಚು. ಆ ಹೊತ್ತಿಗೆ ಕಂಪನಿಗಳ ಹೊಸ ಕಾನೂನು ಬಂದಿತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಂ, 2014ರ ಏಪ್ರಿಲ್‌ನಿಂದ ಜಾರಿ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಎಂಬ ಪಟ್ಟಿಯಲ್ಲಿ ಶುದ್ಧ ಕುಡಿಯುವ ನೀರೂ ಇದೆ. ಸುದ್ದಿ ಹಬ್ಬಿದ್ದೇ ತಡ, ನನ್ನ ಅಂಗಡಿಗೆ ಅರ್ಜಿಗಳ ಜಾತ್ರೆ. ಒಂದೇ ವಾರದಲ್ಲಿ ನಾನು ಟೈಪ್ ಮಾಡಿದ ಮನವಿ ಪತ್ರಗಳಲ್ಲಿ ಮುಕ್ಕಾಲು ಪಾಲು ಸಮುದಾಯ ಭವನಕ್ಕೆ. ನಮ್ಮೂರ ಕಟ್ಟೆಯಲ್ಲೂ ಮೊದಲು ಎದ್ದ ಮಾತು ಅದೇ. ಮದುವೆಗೆ ಜಾಗ ಇಲ್ಲ, ಭವನ ಆಗಲಿ, ಮೇಲೆ ದಾನಿಗಳ ಹೆಸರು ಬರೆಸೋಣ. ನಿವೃತ್ತ ಹೆಡ್ ಮೇಷ್ಟ್ರು ಎದ್ದು, "ಮದುವೆ ಊಟದ ನೀರನ್ನ ಎಲ್ಲಿಂದ ತರಿಸ್ತೀರಿ?" ಅಂದರು. ಹೊಸಹಳ್ಳಿಯಿಂದ ಕ್ಯಾನಲ್ಲಿ ತರಿಸ್ತಿದ್ದದ್ದು ಎಲ್ಲರಿಗೂ ಗೊತ್ತು. ಯಾಕೆ ತರಿಸ್ತೀವಿ ಅಂತ ಬಾಯಿ ಬಿಟ್ಟು ಹೇಳಿದವರಿರಲಿಲ್ಲ, ಅಷ್ಟೇ. ಭವನದ ಮಾತು ಅಲ್ಲಿಗೇ ಬಿತ್ತು.

ಮೇಷ್ಟ್ರು ಅರ್ಜಿ ಬರೆದು ತಂದರು. ಅವರ ಕೈಬರಹ ಅಂದರೆ ಮುತ್ತು ಪೋಣಿಸಿದ ಹಾಗೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ನನಗೆ ನಾಚಿಕೆಯಾಗುತ್ತಿತ್ತು, ಈ ಬರಹವನ್ನು ಮೆಷೀನಿಗೆ ಹಾಕಬೇಕಲ್ಲ ಅಂತ. 'ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ, ಅದರಲ್ಲಿ ಹಿಂದುಳಿದವು ಎಂದು ಗುರುತಿಸಿದ 114 ತಾಲ್ಲೂಕು, ಅದರಲ್ಲಿ ನಮ್ಮ ಕೂಡ್ಲಿಗಿ, ಸಂವಿಧಾನದ 371ಜೆ, ಸತತ ಬರ, ಗುಳೆ ಹೋಗುವ ಜನ. ಎಲ್ಲ ಸತ್ಯ. ಕೊನೆಗೆ 'ಶುದ್ಧ ಕುಡಿಯುವ ನೀರಿನ ಘಟಕವನ್ನು ಮಂಜೂರು ಮಾಡಿಕೊಡಬೇಕಾಗಿ ಸವಿನಯ ಪ್ರಾರ್ಥನೆ'. ಎರಡು ಪುಟ.

ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ, ನಾವೆಲ್ಲ ಅಕ್ಕ ಅಂತ ಕರೆಯೋದು, ರೇಷನ್ ಕಾರ್ಡಿನ ನಕಲು ಮಾಡಿಸಲು ಬಂದವಳು ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಮೇಷ್ಟ್ರು ಓದಿ ಹೇಳಿದರು. ಪೂರ್ತಿ ಕೇಳಿ ಅಂದಳು: "ಚೆನ್ನಾಗೈತೆ ಮೇಷ್ಟ್ರೇ. ಆದ್ರೆ ಇದ್ರಾಗೆ ನಮ್ಮೂರು ಎಲ್ಲೈತೆ? ಹೆಸರು ತೆಗ್ದು ಬ್ಯಾರೆ ಊರಿನ ಹೆಸರು ಹಾಕಿದ್ರೂ ನಡೀತೈತಲ್ರೀ."

ಮೇಷ್ಟ್ರಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾರೆ, ಇಡೀ ತಾಲ್ಲೂಕಿನ ಹಳೆ ವಿದ್ಯಾರ್ಥಿಗಳಿಗೆ ಗೊತ್ತಿರುವ ಗುರುತು. ಒರೆಸಿದರು, ಹಾಕಿಕೊಂಡರು, ಅರ್ಜಿ ಹಾಗೇ ಕಳಿಸಿದರು.

ಎರಡು ತಿಂಗಳಿಗೆ ಉತ್ತರ ಬಂತು. ಕಂಪನಿಯ ಹೆಸರು ಬೇಡ, ಗಣಿ ಕಡೆಯದು ಎಂದರೆ ಸಾಕು. ಬಹಳ ಜನರಿಗೆ ಉತ್ತರವೇ ಬರಲಿಲ್ಲ, ನಮಗೆ ಬಂತು. ಯಾರೋ ಪುಣ್ಯಾತ್ಮ ಓದಿದ್ದ. ನಿಮ್ಮ ತಾಲ್ಲೂಕಿನ ಸ್ಥಿತಿ ತಿಳಿಯಿತು, ನಿಮ್ಮ ಗ್ರಾಮದ್ದು ತಿಳಿಯಲಿಲ್ಲ. ನೀರಿನ ಪರೀಕ್ಷಾ ವರದಿ ಇಲ್ಲ. ಬಾಧಿತರು ಎಷ್ಟು ಜನ, ಯಾವ ವಯಸ್ಸಿನವರು. ಘಟಕ ಕೊಟ್ಟರೆ ನಡೆಸುವವರು ಯಾರು. ಘಟಕ ಹೊರಹಾಕುವ ನೀರು ಎಲ್ಲಿಗೆ. ನಮ್ಮ ಗಣಿಯ ಸುತ್ತಲಿನ ಊರು ನಿಮ್ಮದಲ್ಲ, ಹೀಗಿರುವಾಗ ನಾವೇ ಏಕೆ. ಮೇಷ್ಟ್ರು ಎರಡು ಸಲ ಓದಿದರು. ಅಕ್ಕನ ಮನೆಗೆ ತಾವೇ ನಡೆದು ಹೋದರು. ಅದನ್ನು ನಮ್ಮೂರಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ.

ನೀರಿನ ವರದಿ ಸುಲಭ. ಗ್ರಾಮೀಣ ನೀರು ಸರಬರಾಜಿನವರ ಪ್ರಯೋಗಾಲಯಕ್ಕೆ ಬಾಟಲಿ ಕಳಿಸಿದೆವು. ಮೂರು ಬೋರಿನ ನೀರೂ 1.5ರ ಗೆರೆ ದಾಟಿ ಬಹಳ ಮುಂದೆ ಹೋಗಿತ್ತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಹಳೆ ಸೇದೋ ಬಾವಿಯದು ಮಾತ್ರ ಕಡಿಮೆ. ಅದನ್ನೇ ಜೋಪಾನವಾಗಿ ಉಳಿಸಿಕೊಂಡಿದ್ದರೆ ಅಂತ ಹಿರಿಯರು ನಿಟ್ಟುಸಿರು ಬಿಟ್ಟರು. ಆ ಬಾವಿಗೆ ಅವರೇ ಕಸ ಹಾಕಿದ್ದರು ಅನ್ನೋದು ಬೇರೆ ಮಾತು.

ಕಷ್ಟ ಬಂದದ್ದು ಜನರನ್ನು ಎಣಿಸುವಾಗ. ಮಕ್ಕಳ ಹಲ್ಲಿನ ಲೆಕ್ಕ ಶಾಲೆಯಲ್ಲೇ ಆಯಿತು. ಪಕ್ಕಾ ಹಲ್ಲು ವಸಡಿನೊಳಗೆ ಬಲಿಯುವ ಕಾಲಕ್ಕೆ ಕುಡಿದ ನೀರಿನ ಗುರುತು ಅದು, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದಕ್ಕೇ ಹಾಲುಹಲ್ಲಿನ ಚಿಕ್ಕವರ ನಗು ಬಿಳಿ, ಐದನೇ ಕ್ಲಾಸಿನ ಮೇಲಿನವರದು ಕಂದು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು 'ಈ' ಅನ್ನು ಅಂದರೆ ಅಂಗೈ ಅಡ್ಡ ಇಟ್ಟುಕೊಂಡು ಬೆರಳ ಸಂದಿನಲ್ಲಿ ತೋರಿಸಿದಳು. ಪಕ್ಕದವಳು ಅವಳ ಕೈ ಎಳೆದರೆ ಇವಳು ಅವಳ ಬಾಯಿ ಮುಚ್ಚಿದಳು. ಶಾಲೆಯ ಹಳೆಯ ಗ್ರೂಪ್ ಫೋಟೊಗಳನ್ನು ತೆಗೆಸಿ ನೋಡಿದೆ. ಎಲ್ಲ ಹುಡುಗಿಯರೂ ತುಟಿ ಬಿಗಿದು ನಿಂತಿದ್ದಾರೆ. ಫೋಟೊ ತೆಗೆಯುವಾಗ ಮೇಷ್ಟ್ರ ಭಯಕ್ಕೆ ಅಂತ ಅಲ್ಲಿಯ ತನಕ ಅಂದುಕೊಂಡವರೇ ಎಲ್ಲ.

ದೊಡ್ಡವರದು ಕಟ್ಟೆ ಮೇಲೆ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಬೇಕು, ಗದ್ದ ಎದೆಗೆ ತಾಗಿಸಬೇಕು, ಎರಡೂ ಕೈ ಎತ್ತಿ ತಲೆ ಹಿಂದೆ ಕಟ್ಟಬೇಕು. ಫ್ಲೋರೈಡಿನ ಕೀಲು ಹಿಡಿತ ಪತ್ತೆ ಮಾಡಲು ಆರೋಗ್ಯದವರು ಮಾಡಿಸುವ ಮೂರು ಪರೀಕ್ಷೆ ಇವು, ಯಂತ್ರ ಬೇಡ, ಸೂಜಿ ಬೇಡ. ಆಶಾ ಕಾರ್ಯಕರ್ತೆ ತೋರಿಸಿಕೊಟ್ಟಳು. ಭಾನುವಾರ ಸಂಜೆ ಊರಿಗೆ ಊರೇ ಸೇರಿತು, ಬಯಲಾಟಕ್ಕೆ ಸೇರುವ ಹಾಗೆ. ಮೊದಲು ನಗೆಯೋ ನಗೆ. ಗೌಡರ ಮನೆ ಯಜಮಾನರು "ನಾನು ದಿನಾ ಸೂರ್ಯನಮಸ್ಕಾರ ಮಾಡೋನು" ಅಂತ ಬಗ್ಗಿದವರು ಮೊಣಕಾಲಿಗೇ ನಿಂತರು. "ಹೊಟ್ಟೆ ಅಡ್ಡ ಬಂತು" ಅಂದರು. ಹೊಟ್ಟೆಯೇ ಇಲ್ಲದ ಕುರಿ ಕಾಯೋ ಅಜ್ಜ ಬಂದ. ಅವನೂ ಮೊಣಕಾಲಿಗೇ ನಿಂತ. ಅಕ್ಕನ ಸರದಿ ಬಂತು. ಬಾಗಿದಳು, ಮುಟ್ಟಿದಳು. ಕತ್ತು ಬಗ್ಗಿಸಿದಳು, ಗದ್ದ ಎದೆಗೆ ಮುಟ್ಟಲಿಲ್ಲ. ಬೆರಳಿನಿಂದ ಅಳೆದು ನೋಡಿಕೊಂಡಳು, ಎರಡು ಬೆರಳು ಕಡಿಮೆ. ನಲವತ್ತು ದಾಟದವಳು. ಆ ಹೊತ್ತಿಗೆ ನಗು ನಿಂತಿತ್ತು. ಆಮೇಲೆ ಬಂದವರೆಲ್ಲ ಸುಮ್ಮನೆ ಬಂದು, ಬಾಗಿ, ಹೆಸರು ಹೇಳಿ ಹೋದರು. ಆಶಾ ಹಿಡಿದ ನೋಟ್‌ಬುಕ್ಕಿನಲ್ಲಿ ನಲವತ್ತರ ಮೇಲಿನವರ ಸಾಲಲ್ಲಿ ಅಡ್ಡಗೆರೆಗಳೇ ಹೆಚ್ಚಾದವು.

ಮರುದಿನ ಗಲಾಟೆ. ಎರಡು ಹೆಣ್ಣುಮಕ್ಕಳ ಅಪ್ಪ ಅಂಗಡಿಗೆ ಬಂದು ನನ್ನ ಕೈ ಹಿಡಿದ. "ತಮ್ಮಾ, ಆ ಪುಸ್ತಕ ಎಲ್ಲಿಗೂ ಕಳಿಸಬ್ಯಾಡ. ಈ ಊರಿನವ್ರಿಗೆ ಮೂಳೆ ರೋಗ ಐತೆ ಅಂತ ಕಾಗದದಾಗೆ ಬಂದ್ರೆ ನನ್ನ ಮಕ್ಕಳನ್ನ ಯಾರು ತಗೊಂತಾರೆ? ನಮ್ಮೂರಿಗೆ ಹೆಣ್ಣು ಕೊಡೋರು ಯಾರು?" ಅವನೊಬ್ಬನೇ ಅಲ್ಲ. ಸಂಜೆಯೊಳಗೆ ಹತ್ತಾರು ಮನೆಯವರು ಮೇಷ್ಟ್ರ ಮನೆ ಮುಂದೆ. ನೀರು ಬೇಕು, ಆದರೆ ನೀರಿಲ್ಲದೆ ಏನಾಗಿದೆ ಎಂದು ಬರೆಯಬಾರದು. ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ಮದುವೆ ಮಾತುಕತೆಗೆ ಬಂದವರು ಹುಡುಗಿಗೆ ಒಂದು ಲೋಟ ನೀರು ತರಿಸಿ, ನಗಿಸಿ, ಹಲ್ಲು ನೋಡಿ ಹೋಗುವ ಸೀಮೆಯಲ್ಲಿ ಇದ್ದವರಿಗೆ ಹಾಗನ್ನಿಸಲ್ಲ.

ಕಂಪನಿಯವರು ಫೋಟೊ ಕೂಡ ಕೇಳಿದ್ದರು, 'ಬಾಧಿತ ಫಲಾನುಭವಿಗಳ ಭಾವಚಿತ್ರ'. ಕಾಲು ಸೊಟ್ಟಗಾಗಿ ಕೋಲೂರಿ ನಡೆಯುವ ಒಬ್ಬರಿದ್ದರು, ನನಗೆ ದೊಡ್ಡಪ್ಪನ ವರಸೆ. ಮೇಷ್ಟ್ರು ಕೇಳಿದ್ದಕ್ಕೆ ಅವರು ತಲೆ ಅಲ್ಲಾಡಿಸಿದರು. "ಬ್ಯಾಡ ಮೇಷ್ಟ್ರೇ. ನನ್ನ ಕಾಲು ತೋರ್ಸಿ ನೀರು ತಂದ್ರೆ, ಆ ನೀರು ಕುಡಿಯೋವಾಗೆಲ್ಲ ಜನ ನನ್ನ ಕಾಲು ನೋಡ್ತಾರೆ. ಎಣಿಕೆಗೆ ಬರ್ಕಳ್ರಿ, ಅದಕ್ಕೆ ಬ್ಯಾಡ ಅನ್ನಲ್ಲ."

ನಾನು ದಿನಕ್ಕೆ ಎಷ್ಟೋ ಜನರ ಫೋಟೊ ಸ್ಕ್ಯಾನ್ ಮಾಡುವವನು. ಪಿಂಚಣಿಗೆ, ಪರಿಹಾರಕ್ಕೆ, ದಾನಿಗಳಿಗೆ. ಕೊಡುವ ಕೈಗೆ ನೋವಿನ ಮುಖ ಬೇಕೆಂಬುದು ಗೊತ್ತು, ಅದು ಕೆಟ್ಟ ಮನಸ್ಸಿನಿಂದಲೇ ಬರುತ್ತದೆ ಅಂತಲೂ ಅಲ್ಲ. ಆದರೂ ದೊಡ್ಡಪ್ಪ ಹೇಳಿದ್ದೇ ಸರಿ ಅನ್ನೋದು ನನ್ನ ಮತ. ಅರ್ಜಿ ಮಂಜೂರಾಗಿ ಫೈಲು ಮುಚ್ಚಿದ ಮೇಲೂ ಮನುಷ್ಯ ಅದೇ ಊರಲ್ಲಿ ತಿರುಗಾಡಬೇಕು.

ಮೇಷ್ಟ್ರು, ಅಕ್ಕ, ಆಶಾ ಮೂವರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಹೊಸದಾಗಿ ಬರೆದರು. ಹೆಸರಿಲ್ಲ, ಫೋಟೊ ಇಲ್ಲ. ವಯಸ್ಸಿನ ಪ್ರಕಾರ ಕೋಷ್ಟಕ: ಇಷ್ಟು ಜನರಲ್ಲಿ ಇಷ್ಟು ಮಂದಿಗೆ ಗದ್ದ ಎದೆಗೆ ಮುಟ್ಟುವುದಿಲ್ಲ, ಇಷ್ಟು ಮಂದಿ ಕುಕ್ಕರಗಾಲಲ್ಲಿ ಕೂರಲಾರರು. ಅದರ ಕೆಳಗೆ ಅಕ್ಕ ಹೇಳಿ ಬರೆಸಿದ್ದು: ಕುಕ್ಕರಗಾಲಲ್ಲಿ ಕೂರಲಾಗದ ಹೆಂಗಸಿಗೆ ಕಳೆ ಕೀಳುವ ಕೂಲಿ ಸಿಗುವುದಿಲ್ಲ, ಶೇಂಗಾ ಬಿಡಿಸುವ ಕೂಲಿ ಮಾತ್ರ, ಅದು ವರ್ಷಕ್ಕೆ ಕೆಲವೇ ದಿನ. ಹೊಸಹಳ್ಳಿಯಿಂದ ಕ್ಯಾನು ತರಿಸುವ ಮನೆ ಯಾವುವು, ತರಿಸಲಾಗದವು ಯಾವುವು, ಕ್ಯಾನಿನ ದುಡ್ಡು ಕೂಲಿಯಲ್ಲಿ ಎಷ್ಟು ಪಾಲು. ನಂಜುಂಡಪ್ಪ ವರದಿ ಒಂದು ಸಾಲಿಗೆ ಇಳಿಯಿತು. ಮೇಷ್ಟ್ರಿಗೆ ಅದು ಹೊಟ್ಟೆ ಉರಿಯುವ ವಿಷಯ, ಆ ವರದಿಯನ್ನು ಅವರಷ್ಟು ಶ್ರದ್ಧೆಯಿಂದ ಓದಿದವರು ತಾಲ್ಲೂಕಲ್ಲಿ ಇನ್ನೊಬ್ಬರಿರಲಿಲ್ಲ.

ನಡೆಸುವವರು ಯಾರು ಎಂಬುದಕ್ಕೆ ಅಕ್ಕ ಮಾತಾಡಲಿಲ್ಲ, ಸಂಘದ ಪಾಸ್‌ಬುಕ್ ತಂದು ಝೆರಾಕ್ಸ್ ಮೆಷೀನಿನ ಮೇಲೆ ಇಟ್ಟಳು. ಮೂಲೆ ಹರಿದು, ಎಣ್ಣೆ ಕೈ ಹತ್ತಿ, ನೂಲಿನಲ್ಲಿ ಹೊಲಿದ ಪುಸ್ತಕ. ವಾರವಾರದ ಉಳಿತಾಯ, ಸಾಲ ಕೊಟ್ಟದ್ದು, ತೀರಿದ್ದು. ಬರದ ವರ್ಷದಲ್ಲೂ ಕಂತು ತಪ್ಪಿರಲಿಲ್ಲ. ಅದರ ಎಲ್ಲ ಪುಟವನ್ನೂ ನಕಲು ಮಾಡಿ ಲಗತ್ತಿಸಿದೆವು. 20 ಲೀಟರಿಗೆ 2 ರೂಪಾಯಿ ನಾಣ್ಯ, ಆ ದುಡ್ಡಲ್ಲಿ ಕರೆಂಟ್ ಬಿಲ್ಲು, ಫಿಲ್ಟರು, ನಡೆಸುವ ಹುಡುಗಿಗೆ ಸಂಬಳ. ಲೆಕ್ಕ ಹಾಕಿದರೆ ಫಿಲ್ಟರಿಗೆ ಸಾಲುತ್ತಿರಲಿಲ್ಲ. ಸಾಲುವುದಿಲ್ಲ ಅಂತಲೇ ಬರೆದು, ಕಡಿಮೆ ಬಿದ್ದದ್ದನ್ನು ಪಂಚಾಯಿತಿ ತುಂಬುತ್ತದೆ ಎಂಬ ಠರಾವು ಮಾಡಿಸಿ ಸೇರಿಸಿದರು. ಮೊದಲಿನ ಅರ್ಜಿಯಾಗಿದ್ದರೆ ಆ ಜಾಗದಲ್ಲಿ 'ಗ್ರಾಮಸ್ಥರು ಸಂಪೂರ್ಣ ಸಹಕಾರ ನೀಡುತ್ತಾರೆ' ಎಂಬ ಸಾಲು ಇರುತ್ತಿತ್ತು.

ಹೊರಹಾಕುವ ನೀರಿನದು ದೊಡ್ಡ ತಲೆನೋವು. ಆರ್.ಒ. ಘಟಕ ಎತ್ತಿದ ನೀರಿನಲ್ಲಿ ಒಂದು ಪಾಲು ಕುಡಿಯಲು ಕೊಟ್ಟರೆ ಇನ್ನೊಂದು ಪಾಲು ಉಪ್ಪು, ಫ್ಲೋರೈಡ್ ಗಟ್ಟಿಯಾಗಿ ಹೊರಬರುತ್ತದೆ. ಬರದ ಊರಲ್ಲಿ ಬೋರಿನ ನೀರು ಅರ್ಧಕ್ಕರ್ಧ ಚೆಲ್ಲುವುದೆಂದರೇನು? ಚರಂಡಿಗೆ ಬಿಟ್ಟರೆ ಅದೇ ಮತ್ತೆ ನೆಲಕ್ಕಿಳಿಯುತ್ತದೆ. ತೊಟ್ಟಿ ಕಟ್ಟಿ ಬಟ್ಟೆ ಒಗೆಯಲು, ಶೌಚಾಲಯಕ್ಕೆ, ಮನೆ ಕಟ್ಟುವವರ ಸಿಮೆಂಟು ಕೆಲಸಕ್ಕೆ ಬಳಸುವುದೆಂದು ಬರೆದೆವು. ದನ ಕುಡಿಯದ ಹಾಗೆ ಬೇಲಿ. ನೆಲ್ಲೂರಿನ ಎತ್ತಿನ ಕಥೆ ಮೇಷ್ಟ್ರು ಹೇಳಿದ್ದು ಆ ರಾತ್ರಿಯೇ.

'ನಾವೇ ಏಕೆ' ಎಂಬುದಕ್ಕೆ ಮೇಷ್ಟ್ರು ಕಾಯ್ದೆಯನ್ನೇ ತರಿಸಿ ಓದಿದರು. ಕಂಪನಿ ತನ್ನ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದಿದೆ, ಅದರಾಚೆ ಕೊಡಬಾರದು ಎಂದಿಲ್ಲ. ಅಷ್ಟಕ್ಕೇ ಬಿಡಲಿಲ್ಲ. ಅದಿರಿನ ಲಾರಿಗಳು ಹಗಲೂರಾತ್ರಿ ಇದೇ ಹೆದ್ದಾರಿಯಲ್ಲಿ ಓಡಿದ ಕಾಲ, ನಮ್ಮೂರ ಹುಡುಗರು ಸಂಡೂರಿನ ಗಣಿಗಳಲ್ಲಿ ದುಡಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದದ್ದು, ನಾಲ್ಕು ಸಾಲಲ್ಲಿ ಬರೆದರು. ದೂರಿನ ದನಿಯಿಲ್ಲ. ಲಾರಿ ಧೂಳಿನ ಬಗ್ಗೆ ಒಂದು ಬಿರುಸಾದ ವಾಕ್ಯ ಇತ್ತು, ಅದು ನನಗೆ ಇಷ್ಟವಾಗಿತ್ತು, ಅಕ್ಕ ತೆಗೆಸಿದಳು. "ಕೇಳೋಕೆ ಹೋದಾಗ ಹಳೇ ಲೆಕ್ಕ ತೆಗೀಬ್ಯಾಡ" ಅಂದಳು. ಈಗಲೂ ಆ ವಾಕ್ಯ ಇರಬೇಕಿತ್ತು ಅನ್ನೋದೇ ನನ್ನ ವಾದ.

ಕಟ್ಟೆಯ ಮೇಲೆ ಇಡೀ ಅರ್ಜಿ ಓದಿದರು. ಆ ಎರಡು ಹೆಣ್ಣುಮಕ್ಕಳ ಅಪ್ಪ ಕೊನೆಯ ಸಾಲಿನ ತನಕ ನಿಂತು ಕೇಳಿದ. ಹೆಸರು ಬರಲಿಲ್ಲ ಅಂತ ಗಟ್ಟಿ ಮಾಡಿಕೊಂಡು ಹೆಬ್ಬೆಟ್ಟು ಒತ್ತಿದ.

ಕಂಪನಿಯಿಂದ ಇಬ್ಬರು ಬಂದು ನೋಡಿದರು. ಒಬ್ಬ ಹುಡುಗ ಇಂಜಿನಿಯರು ತಾನೇ ಕಟ್ಟೆ ಮೇಲೆ ನಿಂತು ಗದ್ದ ಬಗ್ಗಿಸಿ ನೋಡಿಕೊಂಡ. ಹಣ ಪೂರ್ತಿ ಬರಲಿಲ್ಲ. ಯಂತ್ರ ಮತ್ತು ಶೆಡ್ಡು ಅವರದು, ತೊಟ್ಟಿ ಮತ್ತು ಬೇಲಿ ನಮ್ಮ ಪಾಲು. ವಿದ್ಯುತ್ ಸಂಪರ್ಕಕ್ಕೆ ಓಡಾಡಿದ್ದು ಬೇರೆಯೇ ಪುರಾಣ, ಅದನ್ನು ಹೇಳಲು ಹೊರಟರೆ ಬೆಳಗಾಗುತ್ತದೆ. ಮುಂದಿನ ಬೇಸಿಗೆಗೆ ನೀರು ಬಂತು. ಬಾಗದ ಕತ್ತುಗಳು ಬಾಗಲಿಲ್ಲ, ಬಾಗುವುದೂ ಇಲ್ಲ. ಘಟಕ ವರ್ಷದಲ್ಲಿ ಕೆಲವು ಸಲ ಕೆಟ್ಟು ನಿಲ್ಲುತ್ತದೆ, ಅಕ್ಕ ಫೋನು ಹಿಡಿದು ಮೆಕ್ಯಾನಿಕ್‌ನ ಬೆನ್ನು ಹತ್ತುತ್ತಾಳೆ. ಈಗ ತುಂಗಭದ್ರೆಯಿಂದ ಕೂಡ್ಲಿಗಿ ತಾಲ್ಲೂಕಿನ 74 ಕೆರೆ ತುಂಬಿಸುವ ಯೋಜನೆಯ ಮಾತು ಬಂದಾಗ ಜನ ಮೊದಲು ಕೇಳುವುದು ನಮ್ಮ ಕೆರೆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ.

ಇನ್ನೊಂದು ಸಣ್ಣದು ಉಳಿಯಿತು. ನಮ್ಮ ಘಟಕ ಶುರುವಾದ ತಿಂಗಳೇ ಪಕ್ಕದ ಊರಿನ ನಾಲ್ಕು ಜನ ಅಂಗಡಿಗೆ ಬಂದರು. "ಆ ಅರ್ಜಿ ನಿನ್ನ ಕಂಪ್ಯೂಟರ್‌ನಾಗೆ ಐತಲ್ಲ, ಊರ ಹೆಸರೊಂದು ಬದಲಿಸಿ ಪ್ರಿಂಟ್ ಕೊಡಪ್ಪಾ." ಮೇಷ್ಟ್ರು ಅಲ್ಲೇ ಪೇಪರ್ ಓದುತ್ತ ಕೂತಿದ್ದರು. ಕನ್ನಡಕ ತೆಗೆದು ಒರೆಸಿದರು. "ನಮ್ಮೂರ ಹಲ್ಲು ನಿಮ್ಮ ಬಾಯಿಗೆ ಹೊಂದಲ್ಲಪ್ಪ. ಮೊದಲು ಒಂದು ಬಾಟಲಿ ನೀರು ಪರೀಕ್ಷೆಗೆ ಕಳಿಸ್ರಿ."

ಬೈದುಕೊಂಡು ಹೋದರು, ಆದರೂ ಕಳಿಸಿದರು. ಅವರ ಬೋರಿನ ನೀರಿನಲ್ಲಿ ಫ್ಲೋರೈಡ್ 1ಕ್ಕಿಂತ ಕಡಿಮೆ ಬಂತು. ವರದಿ ಹಿಡಿದು ಮತ್ತೆ ಬಂದಾಗ ಮುಖ ಸಪ್ಪಗೆ, ಒಳ್ಳೆ ನೀರು ಬಂದದ್ದಕ್ಕೆ! ಅಕ್ಕ ಕೇಳಿದಳು, ನಿಮ್ಮೂರಾಗೆ ಮಕ್ಕಳು ಸಾಲಿ ಬಿಡೋದು ಯಾವಾಗ ಅಂತ. ಮಳೆಗಾಲದಾಗೆ ಅಂದರು, ಹಳ್ಳ ಬಂದರೆ ದಾಟಕ್ಕಾಗಲ್ಲ. ಎಷ್ಟು ಮಕ್ಕಳು, ಎಷ್ಟು ದಿನ ಅಂತ ಯಾರೂ ಬರೆದಿಟ್ಟಿರಲಿಲ್ಲ. ಶಾಲೆಯ ಹಾಜರಿ ಪುಸ್ತಕ ಹುಡುಕಿಕೊಂಡು ಹೋದರು. ಸೇತುವೆಗೆ ಗಣಿ ಕಂಪನಿ ಬೇಕಾಗಲಿಲ್ಲ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಬರೆದರು. ಆ ಅರ್ಜಿಯನ್ನೂ ನಾನೇ ಟೈಪ್ ಮಾಡಿದೆ, ಒಂದೂವರೆ ಪುಟ, ಹಿಂದುಳಿದ ತಾಲ್ಲೂಕು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.